ದಾಂಡೇಲಿಯೋ, ತುಂಗಭದ್ರೆಯೋ? ಈಜು ಬಾರದ ಗೆಳೆಯರ ಜೊತೆ ಎರಡು ದಿನದ ಬೋಟಿಂಗ್

ಹುಬ್ಬಳ್ಳಿ ಗಿರ್ಮಿಟ್
ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಕೊನೆಯ ಶನಿವಾರ-ಭಾನುವಾರ ಗೆಳೆಯರೆಲ್ಲ ಸೇರಿ ಹೊಳೆಯಲ್ಲಿ ಬೋಟಿಂಗ್ ಮಾಡಿ ಬರೋಣ ಅಂತ ಮಾತಾಗಿದೆ. ಹತ್ತು-ಹನ್ನೆರಡು ಜನ ಆಗುತ್ತೇವೆ. ಅರ್ಧದಷ್ಟು ಮಂದಿಗೆ ಈಜು ಬರುವುದಿಲ್ಲ. ಇಬ್ಬರಿಗೆ ಸೊಂಟದ ತನಕ ನೀರು ಬಂದರೆ ಕೈಕಾಲು ನಡುಗುತ್ತದೆ. ಆದರೂ ಬಂದೇ ಬರುತ್ತೇವೆ ಅಂತ ಹಟ.

ನಮ್ಮಲ್ಲಿ ಎರಡು ಪಾರ್ಟಿ ಆಗಿದೆ. ಒಂದು ಪಾರ್ಟಿಗೆ ದಾಂಡೇಲಿ ಕಡೆ ಹೋಗಿ ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್ ಮಾಡಬೇಕು. ಇನ್ನೊಂದು ಪಾರ್ಟಿ, ಅಷ್ಟು ದುಡ್ಡು ಯಾಕೆ, ಹಾವೇರಿ ಕಡೆ ತುಂಗಭದ್ರೆ ಇದೆಯಲ್ಲ, ಹರಿಗೋಲು ಹತ್ತಿದರಾಯಿತು ಅನ್ನುತ್ತದೆ. ಉಣಕಲ್ ಕೆರೆಯಲ್ಲಿ ಪೆಡಲ್ ಬೋಟ್ ಸಾಕು ಅಂದವನನ್ನು ಸದ್ಯಕ್ಕೆ ಗ್ರೂಪಿನಿಂದ ತೆಗೆದಿದ್ದೇವೆ.

ಕೇಳಬೇಕಾದ್ದು ಇಷ್ಟು. ಫೆಬ್ರವರಿಯಲ್ಲಿ ಯಾವ ಹೊಳೆಯಲ್ಲಿ ನೀರಿರುತ್ತದೆ? ಈಜು ಬಾರದವರು ರ‍್ಯಾಫ್ಟ್ ಹತ್ತಬಹುದಾ? ಮತ್ತೆ, ಒಬ್ಬ ಏಜೆಂಟ್ ಫೋನಿನಲ್ಲಿ ಸಿಕ್ಕಿದ್ದಾನೆ. ಊಟ, ವಸತಿ, ಬೋಟು ಎಲ್ಲ ಸೇರಿ ಭಾಳ ಕಡಿಮೆ ರೇಟು ಹೇಳುತ್ತಿದ್ದಾನೆ. "ಎಷ್ಟು ಮಂದಿ ಇದ್ದರೂ ಚಿಂತಿ ಮಾಡಬ್ಯಾಡ್ರಿ ಸರ, ಒಂದೇ ಬೋಟಿನಾಗ ಅಡ್ಜಸ್ಟ್ ಮಾಡ್ತೀವಿ" ಅನ್ನುತ್ತಾನೆ. ಬುಕ್ ಮಾಡಲಾ?

ಹಳಿಯಾಳ ರಸ್ತೆ
ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಮಾಡಬೇಡಿ.

ಕಾಳಿ ದಂಡೆಯ ಗಣೇಶಗುಡಿಯಲ್ಲಿ ರ‍್ಯಾಫ್ಟ್ ಹೊರುವ, ಗಾಳಿ ತುಂಬುವ ಕೆಲಸ ಮಾಡಿದವನು ನಾನು. ಆಮೇಲೆ ಹುಟ್ಟು ಹಿಡಿಯುವುದನ್ನೂ ಕಲಿತೆ. ರಬ್ಬರ್ ರ‍್ಯಾಫ್ಟಿನಲ್ಲಿ ಎರಡೂ ಬದಿ ಕುಳಿತು ಹುಟ್ಟು ಹಾಕುವವರಿಗೆ ಮಾತ್ರ ಜಾಗ. ಹಿಂದೆ ಗೈಡ್ ಕೂರುತ್ತಾನೆ. ಪ್ರತಿಯೊಬ್ಬರಿಗೂ ಕಾಲು ಸಿಗಿಸಿಕೊಳ್ಳಲು ಅಡ್ಡ ಟ್ಯೂಬ್ ಸಿಗಬೇಕು, ಏಕೆಂದರೆ ಅಂಚಿನ ಮೇಲೆ ಕುಳಿತವರನ್ನು ಒಳಗೆ ಹಿಡಿದಿಡುವುದೇ ಆ ಕಾಲು. ಹೆಚ್ಚಿನವರನ್ನು ನಡುವೆ ತುಂಬಿದರೆ ಅವರಿಗೆ ಕಾಲಿಡಲು ಜಾಗ ಇಲ್ಲ, ಕೈಯಲ್ಲಿ ಹುಟ್ಟೂ ಇಲ್ಲ. ಅವರ ಭಾರಕ್ಕೆ ರ‍್ಯಾಫ್ಟ್ ತಿರುಗುವುದಿಲ್ಲ. ಬಂಡೆ ಎದುರು ಬಂದಾಗ ಗೈಡ್ ಎಷ್ಟೇ ಕೂಗಿದರೂ ಅದು ನೇರ ಹೋಗಿ ಬಂಡೆಗೇ ಬಡಿಯುತ್ತದೆ. ನಮ್ಮ ಊರಿನ ಟಂಟಂ ಆಟೋ ಅಲ್ಲ ಅದು, ಇನ್ನೊಬ್ಬರನ್ನು ತುರುಕಲು.

ನೀವು ಹನ್ನೆರಡು ಜನ ಇದ್ದರೆ ಎರಡು ರ‍್ಯಾಫ್ಟ್ ಬೇಕು. ಎರಡು ಗೈಡ್ ಬೇಕು. ಅಷ್ಟಕ್ಕೆ ಎಷ್ಟು ಅಂತ ಅವನನ್ನು ಕೇಳಿ. ರೇಟು ತಾನಾಗಿಯೇ ಬೇರೆಯವರ ಸಮಕ್ಕೆ ಬರುತ್ತದೆ.

ಈಜು ಬಾರದವರು ಬರಬಹುದು. ಅದು ತೊಂದರೆಯೇ ಅಲ್ಲ. ವೇಗದ ನೀರಿನಲ್ಲಿ ಬಿದ್ದಾಗ ಈಜು ಬರುವವನೂ ಈಜಲಾರ. ಅಲ್ಲಿ ತೇಲಿಸುವುದು ಜಾಕೆಟ್. ಹಾಗಾಗಿ ಜಾಕೆಟ್ ನೋಡಿ. ಹಾಕಿಕೊಂಡು ಬಕಲ್ ಎಲ್ಲ ಬಿಗಿ ಮಾಡಿದ ಮೇಲೆ ಗೆಳೆಯನಿಗೆ ಹೇಳಿ ಎರಡೂ ಹೆಗಲ ಪಟ್ಟಿ ಹಿಡಿದು ಜೋರಾಗಿ ಮೇಲಕ್ಕೆ ಎಳೆಸಿ. ಕಿವಿ ತನಕ ಏರಿತು ಅಂದರೆ ಅದು ಸಡಿಲ. ನೀರಿನಲ್ಲಿ ಅದು ಮೇಲಕ್ಕೆ ಹೋಗುತ್ತದೆ, ನೀವು ಕೆಳಗೆ ಹೋಗುತ್ತೀರಿ. ಒಂದು ಬಕಲ್ ಮುರಿದಿದ್ದರೂ ಬೇರೆ ಕೇಳಿ. ಸಂಕೋಚ ಬೇಡ.

ಕೆಲಗೇರಿ ದಂಡೆ
ತಮ್ಮಾ, ಫೆಬ್ರವರಿಯಲ್ಲಿ ನೀರು ಎಲ್ಲಿರುತ್ತದೆ ಅಂತ ಕೇಳಿದೆಯಲ್ಲ, ಅದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ನೀರಾವರಿ ಕೆಲಸದಲ್ಲೇ ತಲೆ ನೆರೆತವನು, ಅಭ್ಯಾಸ ಹೋಗುವುದಿಲ್ಲ.

ನಮ್ಮ ಕಡೆಯ ಹೊಳೆಗಳು ಮಳೆ ನಂಬಿದವು. ವರದಾ, ತುಂಗಭದ್ರಾ, ಮಲಪ್ರಭಾ ಮೂರೂ ಮಲೆನಾಡಿನಲ್ಲಿ ಹುಟ್ಟಿ ನಮ್ಮ ಬಯಲಿಗೆ ಬರುತ್ತವೆ. ಜುಲೈ-ಆಗಸ್ಟಿನಲ್ಲಿ ದಂಡೆ ಮೀರಿ ಹರಿಯುತ್ತವೆ, ಸಂಕ್ರಾಂತಿ ದಾಟಿದ ಮೇಲೆ ಇಳಿಯುತ್ತವೆ. ಮಲಪ್ರಭೆಯ ನೀರು ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ನಿಲ್ಲುತ್ತದೆ. ಅದೇ ನಮ್ಮ ಹುಬ್ಬಳ್ಳಿ-ಧಾರವಾಡದ ನಲ್ಲಿಗೆ ಬರುವುದು. ಬೇಸಿಗೆಯಲ್ಲಿ ಅದನ್ನು ಯಾರೂ ಬೋಟಿಂಗ್ ಸಲುವಾಗಿ ಬಿಡುವುದಿಲ್ಲ.

ಕಾಳಿ ಹಾಗಲ್ಲ. ಜೋಯಿಡಾ ತಾಲೂಕಿನ ಡಿಗ್ಗಿ ಹತ್ತಿರ ಹುಟ್ಟಿ, ಸುಮಾರು 184 ಕಿ.ಮೀ. ಹರಿದು, ಕಾರವಾರದಲ್ಲಿ ಸಮುದ್ರ ಸೇರುವ ಹೊಳೆ ಅದು. ಉತ್ತರ ಕನ್ನಡ ಜಿಲ್ಲೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಅಷ್ಟು ಚಿಕ್ಕ ಹೊಳೆಯ ಮೇಲೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟು. ಎಲ್ಲದರ ಕೆಲಸ ಮುಖ್ಯವಾಗಿ ಕರೆಂಟು. ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಸುಮಾರು 145 ಟಿಎಂಸಿ ನೀರು ಹಿಡಿಯುತ್ತದೆ. ನವಿಲುತೀರ್ಥ ಹಿಡಿಯುವುದು 38 ಟಿಎಂಸಿ ಹತ್ತಿರ. ಹೊಸಪೇಟೆಯ ತುಂಗಭದ್ರಾ ಡ್ಯಾಮ್ ಕೂಡ ಈಗ 105ರ ಆಸುಪಾಸು. ಸೂಪಾ ಎಷ್ಟು ದೊಡ್ಡದು ಅಂತ ಇದರಲ್ಲೇ ಗೊತ್ತಾಗುತ್ತದೆ. ಹಳೆಯ ಸೂಪಾ ಊರೇ ಆ ನೀರಿನ ಕೆಳಗಿದೆ. ಅಲ್ಲಿಂದ ಎದ್ದು ಹೋದವರಲ್ಲಿ ಬಹಳ ಮಂದಿ ರಾಮನಗರದಲ್ಲಿ ನೆಲೆಸಿದರು.

ಈಗ ವಿಷಯಕ್ಕೆ ಬರುತ್ತೇನೆ. ಸೂಪಾದ ಬುಡದಲ್ಲೇ ಒಂದು ಪವರ್‌ಹೌಸ್ ಇದೆ, 50 ಮೆಗಾವಾಟ್‌ನ ಎರಡು ಯಂತ್ರ. ಅವು ತಿರುಗಿದಾಗ ಹೊರಬರುವ ನೀರೇ ಗಣೇಶಗುಡಿಯ ರ‍್ಯಾಫ್ಟಿಂಗ್ ನೀರು. ಅದಕ್ಕೇ ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಹೊಳೆಗಳ ಮರಳು ಕಾಣುವಾಗಲೂ ಅಲ್ಲಿ ಅಲೆ ಇರುತ್ತದೆ. ಆದರೆ ಯಂತ್ರ ಯಾವಾಗ ಓಡಬೇಕು ಅನ್ನುವುದು ಕರೆಂಟಿನ ಬೇಡಿಕೆ ಮೇಲೆ. ನಿಮ್ಮ ಶನಿವಾರಕ್ಕೂ ಅದಕ್ಕೂ ಸಂಬಂಧ ಇಲ್ಲ. ನೀರು ಬಿಟ್ಟರೆ ಉದ್ದದ ರ‍್ಯಾಫ್ಟಿಂಗ್, ಬಿಡದಿದ್ದರೆ ಮೌಳಂಗಿ ಹತ್ತಿರ ಚಿಕ್ಕದು. ಬುಕ್ ಮಾಡುವ ಮುಂಚೆ ಈ ಮಾತನ್ನು ಕೇಳಿಕೊಳ್ಳಿ. ಉದ್ದದ್ದಕ್ಕೆ ದುಡ್ಡು ಕೊಟ್ಟು ಚಿಕ್ಕದು ಮಾಡಿ ಬಂದವರು ಧಾರವಾಡದಲ್ಲಿ ಗಲ್ಲಿಗೊಬ್ಬರು ಸಿಗುತ್ತಾರೆ.

ಇನ್ನೊಂದು ಮಾತು. ಹೀಗೆ ಡ್ಯಾಮಿನ ಕೆಳಗಿನ ಹೊಳೆಯಲ್ಲಿ ನೀರು ಒಂದೇ ಸಮ ಇರುವುದಿಲ್ಲ. ಬೆಳಿಗ್ಗೆ ಕಾಲು ಇಳಿಬಿಟ್ಟು ಕುಳಿತ ಬಂಡೆ ಮಧ್ಯಾಹ್ನ ಮುಳುಗಿರುತ್ತದೆ. ಸೈರನ್ ಕೇಳಿದರೆ ಸೆಲ್ಫಿ ಬಿಟ್ಟು ಮೇಲೆ ಬನ್ನಿ.

ವರದಾ ತೀರ
ಕಾಕಾ ಹೇಳಿದ್ದು ಖರೇ. ಆದರೂ ನಮ್ಮ ಹೊಳೆ ಪರವಾಗಿ ಒಬ್ಬರಾದರೂ ಮಾತಾಡಬೇಕಲ್ಲ.

ನಾನು ಹಾವೇರಿ ಕಡೆಯವನು. ನಮ್ಮಲ್ಲಿ ಸಾಹಸ ಸಿಗುವುದಿಲ್ಲ ನಿಜ. ಆದರೆ ದೋಣಿ ಅಂದರೆ ಏನು ಅಂತ ನೋಡಬೇಕು ಅಂದರೆ ತುಂಗಭದ್ರೆ ದಂಡೆಗೆ ಬರಬೇಕು. ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರಕ್ಕೆ ಬನ್ನಿ. 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯನವರ ಗದ್ದುಗೆ ಹೊಳೆ ದಂಡೆಯ ಮೇಲೇ ಇದೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ನೀರು ಗದ್ದುಗೆಯನ್ನೇ ಸುತ್ತುತ್ತದೆ. ದೋಣಿ ನಡೆಸುತ್ತಲೇ ವಚನ ಬರೆದವರು ಅವರು, ಅದೂ ಎಂಥ ಖಡಕ್ ವಚನ! ಪಕ್ಕದಲ್ಲೇ ಮುಕ್ತೇಶ್ವರ ಗುಡಿ. ಅಲ್ಲಿನ ಕೆತ್ತನೆ ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ವರದಾ ಬಂದು ತುಂಗಭದ್ರೆಗೆ ಸೇರುವ ಗಳಗನಾಥವನ್ನೂ ಅದೇ ದಿನ ನೋಡಬಹುದು. ಅಲ್ಲಿನ ಗುಡಿಯ ಬುಡ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುತ್ತಾ ನೆಲಕ್ಕೆ ಇಳಿಯುತ್ತದೆ. ಬೇರೆ ಕಡೆ ಅಂಥದ್ದು ನಾನಂತೂ ಕಂಡಿಲ್ಲ.

ಹರಿಗೋಲಿನ ಬಗ್ಗೆ. ಸುಮಾರು 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್ ಆನೆಗೊಂದಿಯಲ್ಲಿ ಇದನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು-ಇಪ್ಪತ್ತು ಜನ ಹಿಡಿಯುತ್ತಾರೆ, ಸದಾ ತಿರುಗುತ್ತಲೇ ಹೋಗುತ್ತದೆ ಅಂತ. ಈಗ ಚರ್ಮ ಹೋಗಿ ದಪ್ಪ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ಫೈಬರ್‌ನವೂ ಬಂದಿವೆ. ತಿರುಗುವುದು ಮಾತ್ರ ಹಾಗೇ ಇದೆ. ಅದಕ್ಕೆ ಮುಂದು-ಹಿಂದು ಅನ್ನುವುದೇ ಇಲ್ಲ. ಅಂಬಿಗ ಯಾವ ಕಡೆ ಹೋಗಬೇಕೋ ಆ ಅಂಚಿಗೆ ಬಾಗಿ, ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಒಮ್ಮೆ ಕೈಗೆ ತೆಗೆದುಕೊಂಡು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಇದ್ದಲ್ಲೇ ಗರಗರ ತಿರುಗುತ್ತೀರಿ.

ಹರಿಗೋಲಿನಲ್ಲಿ ತಳದಲ್ಲೇ ಕೂರಬೇಕು, ಸುತ್ತಲೂ ಸಮನಾಗಿ. ಎದ್ದು ನಿಂತು ಫೋಟೋ ತೆಗೆಯುವವನನ್ನು ಮೊದಲೇ ದಂಡೆಯಲ್ಲಿ ಬಿಟ್ಟು ಬನ್ನಿ.

ಬೆಣ್ಣಿಹಳ್ಳ ಈಸುಗಾರ
ಸುಮ್ನೆ ಹೆದರಿಸುತ್ತೀರಿ ಎಲ್ಲರೂ. ನಾವು ಚಿಕ್ಕವರಿದ್ದಾಗ ಲಾರಿ ಟ್ಯೂಬ್ ಕಟ್ಟಿಕೊಂಡು ಬಾವಿಗೆ ಹಾರುತ್ತಿದ್ದೆವು. ಜಾಕೆಟ್ಟೂ ಇಲ್ಲ, ಹೆಲ್ಮೆಟ್ಟೂ ಇಲ್ಲ. ತುಂಗಭದ್ರೆಯಲ್ಲಿ ಫೆಬ್ರವರಿಯಲ್ಲಿ ಮೊಳಕಾಲು ನೀರು. ಹನ್ನೆರಡು ಗಂಡಸರು ಮೊಳಕಾಲು ನೀರಿಗೆ ಹೆದರಿದರೆ ಹೇಗೆ? ಟ್ಯೂಬ್ ತಗೊಂಡು ಹೋಗಿ, ಬುತ್ತಿ ಕಟ್ಟಿಕೊಂಡು ಹೋಗಿ, ಆರಾಮ ಬನ್ನಿ.

ವರದಾ ತೀರ
ಅಣ್ಣಾರ, ಬಾವಿಯ ನೀರು ನಿಂತ ನೀರು. ಎಲ್ಲಿ ಮೆಟ್ಟಿಲು, ಎಲ್ಲಿ ಆಳ ಅಂತ ಊರಿಗೇ ಗೊತ್ತಿರುತ್ತದೆ. ಹೊಳೆ ಹಾಗಲ್ಲರೀ.

ಮೊಳಕಾಲು ನೀರೇ ನಮ್ಮ ಕಡೆ ಜನರನ್ನು ಕೊಲ್ಲುವುದು. ಹೊಳೆಯಲ್ಲಿ ಮರಳು ತೆಗೆದ ಗುಂಡಿಗಳಿವೆ. ಮೇಲಿಂದ ಒಂದೇ ಸಮ ಕಾಣುತ್ತದೆ. ಮೊಳಕಾಲು ನೀರಿನಲ್ಲಿ ನಡೆಯುತ್ತಾ ಇನ್ನೊಂದು ಹೆಜ್ಜೆ ಇಟ್ಟರೆ ಆಳು ಮುಳುಗುವಷ್ಟು ಆಳ. ಗುಂಡಿಯ ಅಂಚಿನ ಮರಳು ಕಾಲಡಿ ಜಾರುತ್ತದೆ, ಹತ್ತಿ ಬರಲು ಆಗುವುದಿಲ್ಲ. ಒಬ್ಬ ಬಿದ್ದ ಅಂತ ಇನ್ನೊಬ್ಬ ಹಾರುತ್ತಾನೆ, ಅವನನ್ನು ಹಿಡಿಯಲು ಮತ್ತೊಬ್ಬ. ಪೇಪರಿನಲ್ಲಿ ಇಂಥ ಸುದ್ದಿ ಓದದ ಬೇಸಿಗೆ ಇಲ್ಲ.

ಎರಡನೆಯದು ಬಾಂದಾರ ಮತ್ತು ಬ್ಯಾರೇಜ್, ಅಂದರೆ ಹೊಳೆಗೆ ಅಡ್ಡ ಕಟ್ಟಿದ ಗೋಡೆ. ಅದರ ಮೇಲಿಂದ ನೀರು ತೆಳ್ಳಗೆ ಇಳಿಯುವುದು ನೋಡಲು ಚೆಂದ. ಮಕ್ಕಳು ಅದರ ಕೆಳಗೇ ಆಡಲು ಹೋಗುತ್ತಾರೆ. ಆದರೆ ಕೆಳಗೆ ಬಿದ್ದ ನೀರು ತಳದಿಂದ ಮೇಲೆದ್ದು ಮತ್ತೆ ಗೋಡೆಯ ಕಡೆಗೇ ತಿರುಗುತ್ತದೆ. ಅದರಲ್ಲಿ ಸಿಕ್ಕವನನ್ನು ಗೋಡೆ ಬುಡಕ್ಕೆ ಎಳೆದು, ಅದುಮಿ, ಮೇಲೆ ತಂದು, ಮತ್ತೆ ಎಳೆಯುತ್ತದೆ. ನುರಿತ ಮೀನುಗಾರರೂ ಅಲ್ಲಿಗೆ ಹರಿಗೋಲು ಒಯ್ಯುವುದಿಲ್ಲ. ಟ್ಯೂಬ್ ಕಟ್ಟಿಕೊಂಡವರಿಗೆ ಅದು ಜಾಸ್ತಿ ಅಪಾಯ, ಏಕೆಂದರೆ ಟ್ಯೂಬ್ ತೇಲುತ್ತಾ ತೇಲುತ್ತಾ ಬಾಂದಾರದ ಕಡೆಗೇ ಒಯ್ಯುತ್ತದೆ.

ಹೊಳೆಗೆ ಬನ್ನಿ ಅಂದವನೂ ನಾನೇ. ಆದರೆ ಆ ದಂಡೆಯ ಅಂಬಿಗರ ಜೊತೆ ಬನ್ನಿ. ಎಲ್ಲಿ ಇಳಿಯಬಾರದು ಅಂತ ಅವರಿಗೆ ಗೊತ್ತು.

ಬೆಣ್ಣಿಹಳ್ಳ ಈಸುಗಾರ
ಮರಳಿನ ಗುಂಡಿ ಮಾತು ಒಪ್ಪಿದೆ ತಮ್ಮಾ. ಬಾಂದಾರದ್ದೂ ಸರಿ. ಆದರೆ ಮಂದಿಗೆ ಈಸು ಕಲಿಸುವುದನ್ನೇ ಬಿಟ್ಟಿದ್ದೇವೆ, ಅದು ನನ್ನ ಸಿಟ್ಟು. ಹುಬ್ಬಳ್ಳಿಯಲ್ಲಿ ಮೂವತ್ತು ದಾಟಿದ ಅರ್ಧ ಮಂದಿ ನೀರಿಗೆ ಇಳಿದಿಲ್ಲ ಅಂದರೆ ಏನರ್ಥ?

ಮುಂಡರಗಿ ಗಾಳಿ
ಗದಗ ಜಿಲ್ಲೆಯನ್ನು ಎಲ್ಲರೂ ಮರೆತಿರಿ. ಮುಂಡರಗಿ ತಾಲೂಕಿನ ಹಮ್ಮಿಗಿ ಹತ್ತಿರ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜ್ ಇದೆ. ಅದರ ಹಿನ್ನೀರು ಭಾಳ ಅಗಲ. ನೋಡಲು ಬನ್ನಿ, ಸಿಂಗಟಾಲೂರು ವೀರಭದ್ರೇಶ್ವರನ ದರ್ಶನ ಮಾಡಿ. ಬೋಟಿಂಗ್ ಮಾತ್ರ ಅಲ್ಲಿ ಬೇಡ. ನಮ್ಮ ಕಪ್ಪತಗುಡ್ಡದ ಕಡೆ ಸಾಲು ಸಾಲು ಗಾಳಿಯಂತ್ರ ಯಾಕೆ ನಿಲ್ಲಿಸಿದ್ದಾರೆ ಅಂತ ಒಮ್ಮೆ ಯೋಚಿಸಿ. ಬಯಲು ನೀರಿನ ಮೇಲೆ ಮಧ್ಯಾಹ್ನ ಗಾಳಿ ಎದ್ದರೆ ಹಿನ್ನೀರಿನಲ್ಲೂ ಅಲೆ ಏಳುತ್ತದೆ. ಹರಿಗೋಲು ಗಾಳಿ ಹೋದ ಕಡೆ ಹೋಗುತ್ತದೆ, ಅಂಬಿಗ ಹೇಳಿದ ಕಡೆ ಅಲ್ಲ. ಬೆಳಿಗ್ಗೆ ಬೇಗ, ಗಾಳಿ ಏಳುವ ಮುಂಚೆ ಮುಗಿಸುವುದೇ ನಮ್ಮ ಮೀನುಗಾರರ ಪದ್ಧತಿ.

ರೊಟ್ಟಿ ಅಕ್ಕ
ಈ ಗಂಡಸರ ಚರ್ಚೆಯ ನಡುವೆ ಒಂದು ಮಾತು ಹೇಳಲೇಬೇಕು.

21 ಜನವರಿ 2019. ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಗೆ ಹೋಗಿ ಮರಳುತ್ತಿದ್ದ ದೋಣಿ ಮುಳುಗಿತು. ಹದಿನಾರು ಜನ ಹೋದರು. ಅದರಲ್ಲಿ ನಮ್ಮ ಹಾವೇರಿ ಜಿಲ್ಲೆಯವರೂ ಇದ್ದರು, ಒಂದೇ ಮನೆಯವರು, ಮಕ್ಕಳು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನ ಇದ್ದರು. ಹೆಚ್ಚಿನವರ ಮೈಮೇಲೆ ಜಾಕೆಟ್ ಇರಲಿಲ್ಲ. ಅದೂ ಕಾಳಿ ಸಮುದ್ರ ಸೇರುವ ಊರಿನಲ್ಲೇ. ಬಯಲುಸೀಮೆಯವರು ನಾವು, ನೀರು ಕಂಡರೆ ಖುಷಿಯಾಗುತ್ತದೆ, ಏನು ಕೇಳಬೇಕು ಅಂತ ಗೊತ್ತಿರುವುದಿಲ್ಲ. ದೋಣಿಯವನು ಹತ್ತಿ ಅಂದರೆ ಹತ್ತುತ್ತೇವೆ. ಎಷ್ಟು ಮಂದಿಯ ದೋಣಿ ಇದು ಅಂತ ಕೇಳಿದರೆ ಅವಮಾನ ಮಾಡಿದ ಹಾಗೆ ಅಂದುಕೊಳ್ಳುತ್ತೇವೆ. ಕೇಳಿ. ಜೋರಾಗಿ ಕೇಳಿ.

ಇನ್ನು ಬಟ್ಟೆ. ಜೀನ್ಸ್ ಬೇಡ, ನೆನೆದರೆ ಮಣಭಾರ. ಬೇಗ ಒಣಗುವ ಟ್ರ್ಯಾಕ್ ಪ್ಯಾಂಟ್ ಸಾಕು. ಹೆಂಗಸರು ಬಂದರೆ ದುಪಟ್ಟಾ, ಉದ್ದ ಸರ ಬಿಟ್ಟು ಬರಲಿ. ಚಪ್ಪಲಿ ಹಿಂಬದಿ ಪಟ್ಟಿ ಇರುವಂಥದ್ದು. ಕನ್ನಡಕಕ್ಕೆ ದಾರ. ಬಟ್ಟೆ ಬದಲಿಸಲು ಬಾಗಿಲು ಇರುವ ಖೋಲಿ ಇದೆಯಾ ಅಂತ ಫೋನಿನಲ್ಲೇ ಕೇಳಿ, ಅಲ್ಲಿ ಹೋಗಿ ಪರದೆ ಹುಡುಕುವುದು ಬೇಡ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಒಯ್ಯಿರಿ. ಆದರೆ ಬೋಟ್ ಹತ್ತುವ ಮುಂಚೆ ಹೊಟ್ಟೆ ತುಂಬ ತಿನ್ನಬೇಡಿ.

ನಿರ್ವಾಹಕ
ಏಜೆಂಟರ ಫೋನ್ ನಂಬರ್ ಹಾಕಿದ ಎರಡು ಪೋಸ್ಟ್ ತೆಗೆದಿದ್ದೇನೆ. ಇಲ್ಲಿ ಬುಕಿಂಗ್ ವ್ಯಾಪಾರ ಬೇಡ.

ಹುಬ್ಬಳ್ಳಿ ಗಿರ್ಮಿಟ್
ಎಲ್ಲರಿಗೂ ದೊಡ್ಡ ನಮಸ್ಕಾರ. ಎರಡು ರ‍್ಯಾಫ್ಟ್ ಅಂದ ಕೂಡಲೇ ಆ ಏಜೆಂಟ್ ಫೋನ್ ಇಟ್ಟ. ಬೇರೆ ಕಡೆ ಮಾತಾಡಿದ್ದೇವೆ. ಕಾಳಿಗೇ ಹೋಗುವುದು ಅಂತಾಯಿತು. ತುಂಗಭದ್ರೆ ಪಾರ್ಟಿಗೆ ಚೌಡಯ್ಯದಾನಪುರ ಇನ್ನೊಮ್ಮೆ ಅಂತ ಮಾತು ಕೊಟ್ಟಿದ್ದೇವೆ.

ಹಳಿಯಾಳ ರಸ್ತೆ ಅಣ್ಣಾರ, ನೀರಿಗೆ ಬಿದ್ದರೆ ಏನು ಮಾಡಬೇಕು ಅಂತ ಮೊದಲೇ ಹೇಳಿಬಿಡಿ. ಅಲ್ಲಿ ಗಾಬರಿಯಲ್ಲಿ ಕಿವಿ ಕೇಳುವುದಿಲ್ಲ ನಮ್ಮವರಿಗೆ.

ಹಳಿಯಾಳ ರಸ್ತೆ
ಒಳ್ಳೆಯ ವಿಚಾರ. ಗೈಡ್ ದಂಡೆಯಲ್ಲಿ ಎಲ್ಲ ಹೇಳುತ್ತಾನೆ. ಆದರೆ ಆಗ ಎಲ್ಲರೂ ಹೆಲ್ಮೆಟ್ ಹಾಕಿಕೊಂಡು ಫೋಟೋ ತೆಗೆಯುತ್ತಿರುತ್ತಾರೆ.

ಗಣೇಶಗುಡಿಯಿಂದ ಮೌಳಂಗಿ ತನಕ ಒಂಬತ್ತು-ಹತ್ತು ಕಿ.ಮೀ. ಹೊಳೆಯ ಅಬ್ಬರವನ್ನು ಒಂದರಿಂದ ಆರರ ತನಕ ದರ್ಜೆ ಹಾಕಿ ಅಳೆಯುತ್ತಾರೆ. ಇಲ್ಲಿ ಎರಡು-ಮೂರು. ಅಂದರೆ ಮೊದಲ ಸಲದವರೂ ಮಾಡಬಹುದು, ಆದರೆ ಒಬ್ಬಿಬ್ಬರು ಬೀಳುವುದು ಸಾಮಾನ್ಯ.

ಬಿದ್ದರೆ ಬೆನ್ನ ಮೇಲೆ ತೇಲಬೇಕು. ಕಾಲು ಮುಂದೆ, ಅಂದರೆ ನೀರು ಹೋಗುವ ಕಡೆ. ಪಾದ ನೀರಿನ ಮೇಲೆ ಕಾಣಬೇಕು. ಬಂಡೆ ಬಂದರೆ ಅಂಗಾಲಿನಿಂದ ಒದ್ದು ಪಕ್ಕಕ್ಕೆ ಸರಿಯಬಹುದು. ತಲೆ ಮುಂದಾದರೆ ಆ ಬಂಡೆ ತಲೆಗೆ.

ನೀರು ಕಡಿಮೆ ಕಂಡಿತು ಅಂತ ಎದ್ದು ನಿಲ್ಲಬಾರದು. ಇದನ್ನು ಎರಡು ಸಲ ಓದಿ. ತಳದಲ್ಲಿ ಬಂಡೆಗಳ ಸಂದಿ ಇರುತ್ತವೆ. ಪಾದ ಸಂದಿಯಲ್ಲಿ ಸಿಕ್ಕಿತು ಅಂದರೆ ಹಿಂದಿನ ನೀರು ಮೈಯನ್ನು ಮುಂದಕ್ಕೆ ಮಡಚುತ್ತದೆ. ಸೊಂಟದ ತನಕದ ನೀರಿನಲ್ಲೂ ತಲೆ ಎತ್ತಲಾಗುವುದಿಲ್ಲ. ನೀರು ಸಪ್ಪಗಾಗುವ ತನಕ ತೇಲುತ್ತಲೇ ಇರಿ.

ರ‍್ಯಾಫ್ಟ್ ಕೆಳಗೆ ಸಿಕ್ಕರೆ ಕೈ ಮೇಲೆತ್ತಿ ಅದರ ತಳ ಮುಟ್ಟಿ, ಒಂದೇ ದಿಕ್ಕಿಗೆ ಕೈಯಿಂದ ಸರಿಯುತ್ತಾ ಹೋಗಿ. ಅಂಚು ಬೇಗ ಸಿಗುತ್ತದೆ. ಹಗ್ಗ ಎಸೆದರೆ ಹಗ್ಗ ಹಿಡಿಯಿರಿ, ಚೀಲ ಹಿಡಿಯಬೇಡಿ. ಚೀಲದಲ್ಲಿ ಇನ್ನೂ ಹಗ್ಗ ಸುತ್ತಿರುತ್ತದೆ, ಅದು ಬಿಚ್ಚುತ್ತಾ ಹೋಗುತ್ತದೆ. ಎದೆಯ ಮೇಲೆ ಹಿಡಿದು ಬೆನ್ನ ಮೇಲೆ ತಿರುಗಿಕೊಂಡರೆ ಮುಖಕ್ಕೆ ನೀರು ಹೊಡೆಯುವುದಿಲ್ಲ. ಕೈಗೆ ಸುತ್ತಿಕೊಳ್ಳಬೇಡಿ.

ಹುಟ್ಟಿನ ಮೇಲ್ತುದಿಯಲ್ಲಿ ಅಡ್ಡ ಹಿಡಿಕೆ ಇರುತ್ತದೆ. ಒಂದು ಕೈ ಸದಾ ಅದರ ಮೇಲಿರಲಿ. ನಾನು ನೋಡಿದ ಗಾಯಗಳಲ್ಲಿ ಹೆಚ್ಚಿನವು ಬಂಡೆಯಿಂದ ಆದವಲ್ಲ, ಪಕ್ಕದವನ ಹಿಡಿಕೆ ಹಲ್ಲಿಗೆ ಬಡಿದು ಆದವು.

ಗೈಡ್ "ಹೈ ಸೈಡ್" ಅಂತ ಕೂಗಿದರೆ ರ‍್ಯಾಫ್ಟ್ ಬಂಡೆಗೆ ಒತ್ತಿಕೊಂಡಿದೆ ಅಂತ ಅರ್ಥ. ಆಗ ಎಲ್ಲರೂ ಬಂಡೆಯ ಕಡೆಗೇ ಹಾರಿ ಭಾರ ಹಾಕಬೇಕು. ಮನಸ್ಸು ದೂರ ಓಡು ಅನ್ನುತ್ತದೆ. ದೂರ ಸರಿದರೆ ಆ ಬದಿ ತಗ್ಗಿ, ನೀರು ಒಳಗೆ ನುಗ್ಗಿ, ರ‍್ಯಾಫ್ಟ್ ಮಗುಚುತ್ತದೆ.

ಎದೆನೋವು, ಮೂರ್ಛೆ ರೋಗ ಇದ್ದವರು, ಬಸುರಿಯರು ಬೇಡ. ರಾತ್ರಿ ಕುಡಿದು ಬೆಳಿಗ್ಗೆ ಬಂದವರೂ ಬೇಡ. ಒಳ್ಳೆಯ ಗೈಡ್ ಬಾಯಿ ವಾಸನೆ ಬಂದರೆ ಹತ್ತಿಸುವುದಿಲ್ಲ. ಅವನ ಜೊತೆ ಜಗಳ ಮಾಡಬೇಡಿ.

ಸೈಕಲ್ ಸವಾರ
ಧಾರವಾಡದಿಂದ ಹಳಿಯಾಳದ ಮೇಲೆ ದಾಂಡೇಲಿಗೆ ಸುಮಾರು 55 ಕಿ.ಮೀ. ಅಲ್ಲಿಂದ ಗಣೇಶಗುಡಿಗೆ ಜೋಯಿಡಾ ರಸ್ತೆ, ಕಾಡಿನ ನಡುವೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸುತ್ತಮುತ್ತ ಗಾಡಿ ನಿಧಾನ ಓಡಿಸಿ, ಹಾಡು ಸಣ್ಣಗೆ ಇರಲಿ. ದಾಂಡೇಲಿ ಊರಿನ ಹತ್ತಿರ ಹೊಳೆಯಲ್ಲಿ ಮೊಸಳೆ ಇವೆ. ರ‍್ಯಾಫ್ಟಿಂಗ್ ಆಗುವ ಕಡೆ ನೀರಿನ ರಭಸ ಬೇರೆ, ಜಾಗ ಬೇರೆ. ಆದರೆ ದಾಂಡೇಲಿಯಲ್ಲಿ ಹಾಗೇ ಸುಮ್ನೆ ಸ್ನಾನಕ್ಕೆ ಇಳಿಯುವ ಆಸೆ ಇದ್ದರೆ ಬಿಟ್ಟುಬಿಡಿ.

ಹುಬ್ಬಳ್ಳಿ ಗಿರ್ಮಿಟ್
ಹೋಗಿ ಬಂದೆವು. ಎಲ್ಲರೂ ಪೂರ್ತಿಯಾಗಿದ್ದೇವೆ. ವರದಿ ಒಪ್ಪಿಸುತ್ತೇನೆ.

ಶನಿವಾರ ಕೆಲಗೇರಿ ಕಾಕಾ ಹೇಳಿದ ಹಾಗೇ ಆಯಿತು. ಗಣೇಶಗುಡಿಗೆ ಹೋದರೆ ಹೊಳೆಯಲ್ಲಿ ಬರೀ ಬಂಡೆ. ಯಂತ್ರ ಓಡುತ್ತಿಲ್ಲ, ಉದ್ದದ್ದು ಇವತ್ತು ಇಲ್ಲ ಅಂದರು. ನಮ್ಮಲ್ಲಿ ಇಬ್ಬರು ಸಿಟ್ಟಾದರು. ನಾನು ಕಾಕಾ ಬರೆದದ್ದನ್ನೇ ಓದಿ ಹೇಳಿದೆ. ದುಡ್ಡಿನ ಮಾತು ಮೊದಲೇ ಆಗಿತ್ತು, ಹಾಗಾಗಿ ಜಗಳಕ್ಕೆ ಕಾರಣ ಉಳಿಯಲಿಲ್ಲ.

ಸಂಜೆ ನಾವಿಳಿದುಕೊಂಡ ಕಡೆಯವರು ಹಿನ್ನೀರಿನಲ್ಲಿ ಹರಿಗೋಲು ಬಿಡುತ್ತೇವೆ ಅಂದರು. ಜಾಕೆಟ್ ಕೊಟ್ಟರು. ಮೂರರ ಬಕಲ್ ಮುರಿದಿತ್ತು, ಒಂದಕ್ಕೆ ದಾರ ಕಟ್ಟಿದ್ದರು. ಹೆಗಲು ಹಿಡಿದು ಎಳೆದರೆ ತಲೆಯನ್ನೇ ದಾಟಿ ಬಂತು. ಬೇರೆ ಕೊಡಿ ಅಂದರೆ, "ಏನಾಗಲ್ರೀ, ನೀರು ನಿಂತಿರ್ತದ" ಅಂದರು. ನಾವು ಹತ್ತಲಿಲ್ಲ. ಅರ್ಧ ತಾಸು ಮುಖ ಗಂಟು ಹಾಕಿಕೊಂಡರು, ಆಮೇಲೆ ಒಳಗಿನಿಂದ ಸರಿಯಾದವು ಬಂದವು! ಇದ್ದವು, ತೆಗೆದಿರಲಿಲ್ಲ ಅಷ್ಟೇ. ಅಂಬಿಗ ಹುಡುಗ ಮಾತ್ರ ಬಂಗಾರದಂಥವನು. ಮಂಗಟ್ಟೆ ಹಕ್ಕಿ ಜೋಡಿ ಹಾರಿಹೋದದ್ದನ್ನು ಅವನೇ ತೋರಿಸಿದ. ರೆಕ್ಕೆ ಸದ್ದು ನೀರಿನ ಮೇಲೂ ಕೇಳುತ್ತದೆ ಅಂತ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ನೀರು ಬಂತು. ಕಣ್ಣೆದುರೇ ಬಂಡೆಗಳು ಮುಳುಗಿದವು. ಎರಡು ರ‍್ಯಾಫ್ಟ್. ಸೊಂಟದ ನೀರಿಗೆ ಹೆದರುವ ಇಬ್ಬರಲ್ಲಿ ಒಬ್ಬ ದಂಡೆಯಲ್ಲೇ ಕೈಮುಗಿದ, ಬ್ಯಾಗುಗಳ ಜೊತೆ ಜೀಪಿನಲ್ಲಿ ಮೌಳಂಗಿಗೆ ಬಂದ. ಯಾರೂ ಒತ್ತಾಯ ಮಾಡಲಿಲ್ಲ. ಇನ್ನೊಬ್ಬ ಹತ್ತಿದ.

ನಡುವೆ ಒಂದು ಕಡೆ ರ‍್ಯಾಫ್ಟಿನ ಮೂಗು ಮೇಲೆದ್ದು ಒಟ್ಟಿಗೆ ಇಬ್ಬರು ಬಿದ್ದರು. ಒಬ್ಬ ನಮ್ಮ ಈಜುಪಟು, ಕಾಲೇಜಿನಲ್ಲಿ ಕಪ್ ಗೆದ್ದವನು. ಇನ್ನೊಬ್ಬ ಆ ಹೆದರುವವನು. ಈಜುಪಟು ದಂಡೆಯ ಕಡೆ ಜೋರಾಗಿ ಕೈ ಬೀಸಿದ, ನೀರು ಅವನನ್ನು ಬೇರೆ ಕಡೆ ಒಯ್ದಿತು, ಮೊಳಕಾಲು ಬಂಡೆಗೆ ತರಚಿತು. ಹೆದರುವವನು ಬೆನ್ನ ಮೇಲೆ, ಪಾದ ಮೇಲೆ, ಕಣ್ಣು ಮುಚ್ಚಿಕೊಂಡು, ಬಾಯಲ್ಲಿ ಹನುಮಪ್ಪನ ಹೆಸರು. ಎರಡನೇ ರ‍್ಯಾಫ್ಟಿನವರು ಜಾಕೆಟಿನ ಹೆಗಲು ಹಿಡಿದು ಒಂದೇ ಎಳೆತಕ್ಕೆ ಒಳಗೆ ಹಾಕಿದರು. ಹಳಿಯಾಳ ಅಣ್ಣಾರ, ನೀವು ಬರೆದದ್ದನ್ನು ಅವನು ರಾತ್ರಿ ಬಾಯಿಪಾಠ ಮಾಡಿದ್ದನಂತೆ.

ಬೆಣ್ಣಿಹಳ್ಳ ಈಸುಗಾರ
ಈಸು ಬರುವವನಿಗೇ ಪೆಟ್ಟು ಅಂದರೆ ನನಗೇ ಹೇಳಿದ ಹಾಗಿದೆ 😄 ಇರಲಿ. ಆ ಹೆದರುವ ತಮ್ಮನಿಗೆ ಈಸು ಕಲಿಸುತ್ತೇನೆ, ನಮ್ಮ ಹೊಲದ ಬಾವಿಗೆ ಕರೆದುಕೊಂಡು ಬನ್ನಿ. ಜಾಕೆಟ್ ಹಾಕಿಸಿಯೇ ಇಳಿಸುತ್ತೇನೆ.

ರೊಟ್ಟಿ ಅಕ್ಕ
ಮುರಿದ ಬಕಲ್ ಕಂಡು ಹತ್ತದೆ ನಿಂತಿರಲ್ಲ, ಅದಕ್ಕೆ ಶಾಬಾಸ್. ಹೆಂಗಸರ ಗ್ರೂಪ್ ಒಂದು ಮಾರ್ಚಿಗೆ ಹೊರಟಿದೆ. ಬಟ್ಟೆ ಬದಲಿಸುವ ಖೋಲಿ ಹೇಗಿತ್ತು?

ಹುಬ್ಬಳ್ಳಿ ಗಿರ್ಮಿಟ್
ಮೌಳಂಗಿ ಕಡೆ ಇತ್ತು ಅಕ್ಕಾರ, ಬಾಗಿಲೂ ಇತ್ತು, ಚಿಲಕ ಇರಲಿಲ್ಲ. ಒಬ್ಬರು ಹೊರಗೆ ನಿಲ್ಲಬೇಕು. ರೊಟ್ಟಿ-ಚಟ್ನಿ ಐಡಿಯಾ ಕೆಲಸಕ್ಕೆ ಬಂತು. ನೀರಿನಿಂದ ಎದ್ದ ಮೇಲೆ ಆಗುವ ಹಸಿವಿಗೆ ಹೋಟೆಲ್ ತನಕ ಕಾಯಲು ಆಗುವುದಿಲ್ಲ.

ಬೆಟಗೇರಿ ಮಗ್ಗ
ತಡವಾಗಿ ಓದಿದೆ. ಗದಗಿನಿಂದ ಅಪ್ಪ (ಅರವತ್ತು ದಾಟಿದೆ, ಬಿಪಿ ಇದೆ) ಮತ್ತು ಸಣ್ಣ ಮಗಳನ್ನು ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಚಿಕ್ಕ ರ‍್ಯಾಫ್ಟಿಂಗ್ ಆದರೂ ಮಾಡಿಸಬಹುದಾ?

ಹಳಿಯಾಳ ರಸ್ತೆ
ಅಪ್ಪಾಜಿಗೆ ಬೇಡ, ಡಾಕ್ಟರು ಹೂಂ ಅನ್ನದೆ ಚಿಕ್ಕದ್ದೂ ಬೇಡ. ಮಗುವಿಗೆ ಜಾಕೆಟ್ ಸೈಜು ಸಿಗುವುದೇ ಕಷ್ಟ. ದೊಡ್ಡವರ ಜಾಕೆಟ್ ಬಿಗಿಸಿ ಕೊಡುತ್ತೇವೆ ಅಂದರೆ ಒಪ್ಪಬೇಡಿ, ಕೆಳಗಿನಿಂದ ಜಾರಿ ಹೋಗುತ್ತದೆ. ಇಬ್ಬರನ್ನೂ ಹಿನ್ನೀರಿನ ಹರಿಗೋಲಿಗೆ ಕರೆದುಕೊಂಡು ಹೋಗಿ, ಅಲ್ಲೂ ಮಗುವಿನ ಅಳತೆಯ ಜಾಕೆಟ್ ಇದ್ದರೆ ಮಾತ್ರ. ಬೆಳಿಗ್ಗೆ ಹೋಗಿ, ಮುಂಡರಗಿಯವರು ಹೇಳಿದ ಗಾಳಿಯ ಮಾತು ಅಲ್ಲಿಗೂ ಸಲ್ಲುತ್ತದೆ.

ಮುಂಡರಗಿ ಗಾಳಿ
ಅಷ್ಟು ದೂರ ಯಾಕ್ರೀ, ಮೊದಲು ಮಗಳನ್ನು ನಿಮ್ಮೂರಿನ ಭೀಷ್ಮ ಕೆರೆಯ ಬೋಟಿನಲ್ಲಿ ಕೂರಿಸಿ ನೋಡಿ. ನೀರು ಕಂಡರೆ ನಗುತ್ತಾಳೋ ಅಳುತ್ತಾಳೋ ಅಂತ ಗದಗಿನಲ್ಲೇ ಗೊತ್ತಾದರೆ ಪೆಟ್ರೋಲ್ ಉಳಿಯುತ್ತದೆ.